ಬಣ್ಣದ ಕೆಳಗಿನವಳು

“ಮೇಲೆ ಬಣ್ಣ ಬಳ್ಕೊಳ್ಳಿ, ಬೇಡ ಅನ್ನಲ್ಲ. ಕೆರೆದು ಮರ ಮಾತ್ರ ತೋರಿಸ್ಬೇಡಿ,” ಎಂದಳು ಹಳೇ ಸಾಮಾನಿನ ಅಂಗಡಿಯ ಮುದುಕಿ. ಆ ಪುಟ್ಟ ಮಂಚವನ್ನು ಅವಳು ಕೈಯಿಂದ ಮುಟ್ಟಲೂ ಇಲ್ಲ. “ಮಗು ಕಳ್ಕೊಂಡೋಳೊಬ್ಳು ಇದಕ್ಕೆ ಮಾಟ ಮಾಡ್ಸಿದಾಳೆ. ಈ ಮಂಚ ಯಾರ ಮಗುವಿಗೆ ಹೋದ್ರೂ ಆ ಮಗು ತನ್ನನ್ನೇ ಅಮ್ಮ ಅನ್ಬೇಕು ಅಂತ. ಈಗ್ಲೂ ಇದ್ರೊಳಗೇ ಇದಾಳೆ. ಬಣ್ಣದ ಕೆಳಗಿದ್ರೆ ಸುಮ್ನಿರ್ತಾಳೆ.”

ಕೊಳ್ಳಲು ಬಂದವಳಿಗೆ ನಗು ತಡೆಯಲಾಗಲಿಲ್ಲ. “ಮಾಟಕ್ಕೆ ಸುರಿದ ದುಡ್ಡಲ್ಲಿ ಹೊಸ ಮಂಚಾನೇ ಬರ್ತಿತ್ತಲ್ಲ ಅಜ್ಜಿ!”

ಮುದುಕಿ ದುಡ್ಡು ಎಣಿಸಿಕೊಂಡಳು.

ಗಂಡನಿಂದ ಬೇರೆಯಾಗಿ ಈ ಊರಿಗೆ ಬಂದ ಮೇಲೆ ಮಂಚ ಕೊಂಡವಳು ಮನಸಾರೆ ನಕ್ಕದ್ದು ಅದೇ ಮೊದಲು. ಮಗಳು ಅಪ್ಪನ ಬಳಿ ಇದ್ದಳು. “ಮಲಗ್ಸೋಕೆ ಒಂದು ಮಂಚಾನಾದ್ರೂ ಇದ್ಯಾ ನಿನ್ ಹತ್ರ?” ಎಂದು ಅವನು ಕೇಳಿದ್ದು ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ಭಾನುವಾರ ಮಗಳು ಬರುವವಳಿದ್ದಳು. ಅವಳಿಗೆ ಇಷ್ಟವಾದರೆ ಅಲ್ಲೇ ಇರಲಿ ಎಂದು ಅವನು ಒಪ್ಪಿಯೂ ಇದ್ದ. ಹಾಗಾಗಿ ಮಂಚ ಚೆನ್ನಾಗಿರಲೇಬೇಕಿತ್ತು. ಸಿಪ್ಪೆ ಎದ್ದ ಬಣ್ಣದ ಮೇಲೆ ಹೊಸ ಬಣ್ಣ ನಿಲ್ಲುವುದಿಲ್ಲ. ಬಣ್ಣಕ್ಕಿಂತ ಉಪ್ಪುಕಾಗದ ಅಗ್ಗ. ಚೆನ್ನಾಗಿ ಉಜ್ಜಿ, ವಾರ್ನಿಷ್ ಹಚ್ಚಿದರಾಯಿತು ಎಂದುಕೊಂಡಳು.

ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ದಿನಾ ಸಂಜೆ ಉಜ್ಜಿದಳು. ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದ ಕಿಟಕಿ. ಕೋಣೆಗೆ ಬೆಳಕು ಅಷ್ಟಕ್ಕಷ್ಟೆ. ನೀಲಿ ಹೋಯಿತು, ಕೆಳಗೆ ಹಸಿರು. ಹಸಿರಿನ ಕೆಳಗೆ ಹಳದಿ. ಎಷ್ಟು ತಾಯಂದಿರು ಬಳಿದಿದ್ದರೋ! ಧೂಳು ಮೂಗಿಗೆ ಅಡರುತ್ತಿತ್ತು. ಹಳೆಯ ಎಣ್ಣೆಯ ಕಮಟು, ಅದರೊಳಗೆ ಕೆಟ್ಟ ಹಾಲಿನ ಹುಳಿ ವಾಸನೆ. ಕೈ ನಿಲ್ಲಿಸಿದರೂ ಸರಸರ ಸದ್ದು ಒಂದು ಕ್ಷಣ ಮುಂದುವರಿಯುತ್ತಿತ್ತು, ಒಳಗಿನಿಂದಲೂ ಯಾರೋ ಉಜ್ಜುತ್ತಿರುವಂತೆ. ಕಿವಿಯ ಭ್ರಮೆ ಎಂದುಕೊಂಡಳು.

ನೀಲಿ ಹೋದ ಮರುದಿನ, ದಿನಾ ಮೆಟ್ಟಿಲಲ್ಲಿ ಎದುರಾಗುವ ಕೆಳಗಿನ ಮನೆಯಾಕೆ, “ಹೊಸದಾಗಿ ಬಂದ್ರಾ?” ಎಂದು ಕೇಳಿದಳು. ಹಸಿರು ಹೋದ ಮರುದಿನ ಔಷಧಿ ಅಂಗಡಿಯ ಯಜಮಾನ, “ಏನು ಕೊಡ್ಲಮ್ಮಾ?” ಎಂದ. ತಮಾಷೆ ಇರಬೇಕೆಂದು ನಕ್ಕು ಕೌಂಟರಿನ ಒಳಗೆ ಹೋದಳು. ಹಳದಿ ಹೋದ ದಿನ ಅಕ್ಕನಿಗೆ ಫೋನ್ ಮಾಡಿದರೆ, “ರಾಂಗ್ ನಂಬರ್” ಎಂದು ಇಟ್ಟೇಬಿಟ್ಟಳು. ಡೈವೋರ್ಸ್ ಆದಾಗಿನಿಂದ ಅಕ್ಕನದು ಇದೇ ಮುನಿಸು. ಪಾಪ, ಕೇಳುವವರಿಲ್ಲದೆ ಬದುಕಿ ರೂಢಿಯಾದವಳಿಗೆ, ತನ್ನನ್ನು ಎಲ್ಲರೂ ಮರೆಯುತ್ತಿದ್ದಾರೆಂದು ತಿಳಿಯುವುದಾದರೂ ಹೇಗೆ?

ಶನಿವಾರ ಮರ ಕಂಡಿತು. ತಲೆಯ ಕಡೆಯ ಹಲಗೆಯಲ್ಲಿ ಮಸಿ ತುಂಬಿದ ಉಗುರಿನ ಗೀರುಗಳು. ಅವನ್ನೂ ಉಜ್ಜಿ ತೆಗೆದಳು. ಮರ ಮೈಯಂತೆ ಬೆಚ್ಚಗಿತ್ತು. ವಾರ್ನಿಷ್ ಹಚ್ಚಿ ಮಲಗಿದಳು.

ಭಾನುವಾರ ಬೆಳಗ್ಗೆ ಕಾರಿನ ಹಾರ್ನ್ ಕೇಳಿಸಿತು. ಅವನು ಮಗಳನ್ನು ಕೆಳಗೇ ಇಳಿಸಿ ಹೊರಟುಹೋದ. ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಗಳು. ಬಾಗಿಲು ತೆರೆದು ಕೈ ಚಾಚಿದಳು.

“ಅಮ್ಮ ಇದಾಳಾ ಆಂಟಿ?”

“ಕಳ್ಳಿ! ಬಾ ಇಲ್ಲಿ!”

ಮಗಳು ಹಿಂದೆ ಸರಿದಳು. ಕಣ್ಣಲ್ಲಿ ಆಟವಿರಲಿಲ್ಲ. ಅವಳ ತೋಳಿನ ಕೆಳಗಿಂದ ನುಸುಳಿ ಒಳಗೋಡಿದಳು.

“ಅಮ್ಮಾ!”

ಮಂಚ ಕಿರುಗುಟ್ಟಿತು. ಇಬ್ಬರ ಭಾರಕ್ಕೆ.

ಅವಳು ಓಡಿದಳು. ಮಗಳು ಮಂಚದ ಮೇಲಿದ್ದಳು. ಪಕ್ಕದಲ್ಲಿ ಯಾರೂ ಇಲ್ಲ. ಆದರೂ ಒರಗಿ ಕೂತಿದ್ದಳು. ಬೀಳಲಿಲ್ಲ. ಜಡೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಎಳೆ ಎಳೆಯಾಗಿ. ಕೋಣೆಯ ತುಂಬ ಹುಳಿ ಹಾಲಿನ ವಾಸನೆ.

“ಪುಟ್ಟೀ, ನಾನು ಕಣೇ! ನಿನ್ನಮ್ಮ!”

ಬಣ್ಣ. ಬಣ್ಣ ಬಳಿಯಬೇಕು. ಈಗಲೇ. ಕಪಾಟು ತಡಕಾಡಿದಳು. ಸಿಕ್ಕಿದ್ದು ವಾರ್ನಿಷ್ ಡಬ್ಬ ಒಂದೇ. ಎರಡೂ ಕೈಯಿಂದ ಬಳಿದಳು. ಏನೂ ಮುಚ್ಚಲಿಲ್ಲ. ಮರ ಇನ್ನಷ್ಟು ಹೊಳೆಯಿತು.

ಮಗಳು ಯಾರದೋ ಮಾತಿಗೆ ತಲೆಯಾಡಿಸಿ ಅವಳತ್ತ ತಿರುಗಿದಳು. ಒಳ್ಳೆಯ ಹುಡುಗಿ, ದೊಡ್ಡವರೊಂದಿಗೆ ಮರ್ಯಾದೆಯಿಂದ ಮಾತಾಡುವುದನ್ನು ಅವಳೇ ಕಲಿಸಿದ್ದಳು.

“ಆಂಟಿ, ಕೆಲ್ಸ ತುಂಬಾ ಚೆನ್ನಾಗ್ ಮಾಡಿದೀರಂತೆ. ಇನ್ನು ನೀವು ಹೊರಡ್ಬೋದಂತೆ. ಅಮ್ಮ ಹೇಳ್ತಿದಾಳೆ.”