ಕಪ್ಪು ವೈರು ಕಳಚಿದವರು

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಟ್ಯಾಕ್ಸಿ ಓಡಿಸುವ ಹೆಂಗಸೊಬ್ಬಳು ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಬೆವರು ಒರೆಸಿಕೊಳ್ಳುತ್ತಿದ್ದರು. ಠಾಣೆಯ ಜೀಪು ತಳ್ಳದೆ ಹೊರಡುತ್ತಿರಲಿಲ್ಲ. ತಳ್ಳುವುದರಲ್ಲಿ ಸಾಹೇಬರು, ಸಿಪಾಯಿ ಎಂಬ ಭೇದವಿರಲಿಲ್ಲ.

“ಯಾರೋ ನನ್ನ ಗಾಡಿ ಬ್ಯಾಟರಿಗೆ ಕೈ ಹಾಕ್ತಿದಾರೆ ಸಾರ್. ಇವತ್ತು ಸ್ಟಾರ್ಟೇ ಆಗ್ಲಿಲ್ಲ. ಡಯಾಲಿಸಿಸ್‌ಗೆ ಹೋಗೋ ಅಜ್ಜಿ ಕಾಯ್ತಾ ಕೂತಿದ್ರು. ಇನ್ನೊಂದ್ಸಲ ಹೀಗಾದ್ರೆ ಆಸ್ಪತ್ರೆಯವರು ಬೇರೆ ಗಾಡಿ ನೋಡ್ಕೋತಾರಂತೆ.”

“ಏನು ಕಳುವಾಗಿದೆ?”

“ಏನೂ ಇಲ್ಲ. ಅದೇ ಭಯ.”

ಎಫ್‌ಐಆರ್ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಪೆನ್ನು ಕಚ್ಚಿ ಕೂತ.

ಹತ್ತೂವರೆಗೆ ಅವಳ ಮನೆಯಂಗಳದಲ್ಲಿ ಪಂಚನಾಮೆ ನಡೆಯಿತು. ಬ್ಯಾಟರಿಯ ಟರ್ಮಿನಲ್‌ಗಳು ತಿಕ್ಕಿ ತೊಳೆದ ಪಾತ್ರೆಯಂತೆ ಹೊಳೆಯುತ್ತಿದ್ದವು. ಕೆಂಪು ವೈರು ಬಿಗಿಯಾಗಿತ್ತು, ಮೇಲೆ ಗ್ರೀಸ್ ಸವರಿತ್ತು. ಕಪ್ಪು ವೈರು ಮಾತ್ರ ಕಳಚಿ ಬಿದ್ದಿತ್ತು.

“ಕಸುಬು ಗೊತ್ತಿರೋನೇ. ಬಿಚ್ಚುವಾಗ ಕಪ್ಪು ಮೊದಲು, ಜೋಡಿಸುವಾಗ ಕಪ್ಪು ಕೊನೆಗೆ. ಆ ಕೊನೇ ಹೊತ್ತಲ್ಲಿ ಯಾರೋ ಬಂದ್ಬಿಟ್ಟಿದಾರೆ. ನಿನ್ನೆ ಇಲ್ಲಿಗೆ ಯಾರು ಬಂದಿದ್ರು?” ಎಂದರು ಇನ್‌ಸ್ಪೆಕ್ಟರ್.

“ನಾನೇ. ಮಧ್ಯಾಹ್ನ ಮಲಗಿ ಎದ್ದು ಅಪ್ಪಂಗೆ ಟೀ ತಂದೆ. ಗಾಡಿ ನೆರಳಲ್ಲಿ ಕೂತಿದ್ರು.”

ಟರ್ಮಿನಲ್ ತೊಳೆಯಲು ಬಳಸುವ ಅಡುಗೆ ಸೋಡಾದ ಡಬ್ಬಿ ಅಡುಗೆಮನೆಯಲ್ಲಿ ಬರಿದಾಗಿತ್ತು. ಇನ್‌ಸ್ಪೆಕ್ಟರ್ ಹೊರಗೆ ಬಂದು ಗಟ್ಟಿಯಾಗಿ ಹೇಳಿದರು: “ಬ್ಯಾಟರಿ ಆಸಿಡ್ ಬಟ್ಟೆ ಮೇಲೆ ಬಿದ್ದಾಗ ಕಾಣಲ್ಲ. ಒಗೆದ ಮೇಲೆ ತೂತು ಬಿದ್ದು ಚಾಡಿ ಹೇಳುತ್ತೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಗಲಿಯ ಮೇಲಿದ್ದ ಅಪ್ಪ, ನಿನ್ನೆ ಸಂಜೆಯೇ ಒಗೆದಿದ್ದ ತಮ್ಮ ಅಂಗಿಯ ಹೊಟ್ಟೆ ಮುಟ್ಟಿ ನೋಡಿಕೊಂಡರು. ಅಲ್ಲಿ ಸಾಸಿವೆಯಷ್ಟು ಸಣ್ಣ ತೂತುಗಳಿದ್ದವು.

ಅವರು ಬ್ಯಾಟರಿ ರಿಪೇರಿಯಲ್ಲೇ ತಲೆ ಹಣ್ಣಾದವರು. ಹೋದ ವರ್ಷ ಆಸಿಡ್ ಸಿಡಿದು ಒಂದು ಕಣ್ಣು ಮಂಜಾದ ಮೇಲೆ, ಬ್ಯಾಟರಿ ಮುಟ್ಟಬಾರದೆಂದು ಮಗಳು ಆಣೆ ಮಾಡಿಸಿದ್ದಳು.

“ಯಾಕೆ ಮುಟ್ಟಿದ್ರಿ ಯಜಮಾನ್ರೇ?”

“ಮೊನ್ನೆ ಇವಳ ಗಾಡಿ ಊರಾಚೆ ನಿಂತೋಯ್ತು. ಒಬ್ಳೇ ಇದ್ಲು. ಬರೋವರೆಗೂ ಬಾಗಿಲಲ್ಲೇ ನಿಂತಿದ್ದೆ ಸಾರ್. ಆಣೆ ಮುರಿದ್ರೆ ಮುರೀಲಿ ಅಂದ್ಕೊಂಡೆ.”

ಮಗಳಿಗೆ ಸಿಟ್ಟೂ ಬಂತು, ಅಳುವೂ ಬಂತು. “ಇನ್ನೊಂದು ಕಣ್ಣೂ ಹೋಗಿದ್ರೆ ನಾನೇನ್ ಮಾಡ್ಲಿ ಅಪ್ಪಾ? ಆಸಿಡ್ ಸಿಡಿಯದಂತೆ ಹಾಕೋ ಕೆಲಸದ ಕನ್ನಡಕನಾದ್ರೂ ಹಾಕ್ಕೋಬಾರ್ದಾ?”

“ಕನ್ನಡಕ ನೀನೇ ಬಚ್ಚಿಟ್ಟಿದೀಯಲ್ಲ!”

ಹನ್ನೊಂದೂವರೆಗೆ ಬಂಧನವಾಯಿತು. ಆರೋಪಿಯನ್ನು ಠಾಣೆಗೆ ನಡೆಸಿಕೊಂಡು ಬಂದು, ಜೀಪಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಬೇಡಿಯ ಬದಲು ಬಚ್ಚಿಟ್ಟಿದ್ದ ಕನ್ನಡಕ ಹಾಕಿಸಿದರು. ಇನ್‌ಸ್ಪೆಕ್ಟರ್ ಜೀಪಿನ ಬಾನೆಟ್ ಎತ್ತಿಸಿ, ಇನ್ನೊಂದು ಕನ್ನಡಕ, ರಬ್ಬರ್ ಗವಸು ತರಿಸಿ ಮಗಳ ಕೈಗೆ ಕೊಟ್ಟರು.

“ಇನ್ಮೇಲೆ ಬಾಯಿ ಅಪ್ಪಂದು, ಕೈ ಮಗಳದ್ದು.”

“ಕಪ್ಪು ಮೊದಲು ಬಿಚ್ಚು. ಮುಚ್ಚಳ ಬಿಗಿ ಇದ್ಯಾ ನೋಡು, ಸೋಡಾ ನೀರು ಒಳಗೆ ಇಳೀಬಾರ್ದು. ಈಗ ಬ್ರಷ್ ಆಡಿಸು. ಮೆಲ್ಲಗೆ ಕಣೇ!”

“ಗೊತ್ತಪ್ಪಾ!”

ಕಪ್ಪು ವೈರನ್ನು ಕೊನೆಗೆ ಬಿಗಿದದ್ದಾಯಿತು. ಅಭ್ಯಾಸಬಲದಿಂದ ಕಾನ್‌ಸ್ಟೆಬಲ್ ಹಿಂದಿನಿಂದ ಜೀಪಿಗೆ ಹೆಗಲು ಕೊಟ್ಟ. ಇನ್‌ಸ್ಪೆಕ್ಟರ್ ಕೀಲಿ ತಿರುಗಿಸಿದ್ದೇ ತಡ, ಜೀಪು ಮುಂದೆ ಜಿಗಿಯಿತು, ಕಾನ್‌ಸ್ಟೆಬಲ್ ನೆಲಕ್ಕೆ ಬಿದ್ದ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವನು ಮಣ್ಣು ಕೊಡವಿಕೊಂಡು ಬಂದು ಮತ್ತೆ ಪೆನ್ನು ಹಿಡಿದ. “ಸಾರ್, ಅಪರಾಧದ ಉದ್ದೇಶ ಏನಂತ ಬರೀಲಿ?”

ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡಿದರು. ಮಗಳು ಅಪ್ಪನ ಕನ್ನಡಕ ತೆಗೆದು ತನ್ನ ಸೆರಗಿನಲ್ಲಿ ಒರೆಸುತ್ತಿದ್ದಳು.

“ಮಗಳು ಮನೆ ಸೇರಲಿ ಅಂತ. ಅಷ್ಟೇ ಬರಿ.”