ತವರಿಲ್ಲದ ಸೊಸೆ

"ಮೂರ್ಛೆ ಬಂದು ಒಲೀ ಮ್ಯಾಲ ಬಿದ್ದೆ ಅಂತ ಹೇಳು... ನನ್ನಾಣಿ ಐತಿ ಗಂಗಾ, ಹಂಗಽ ಹೇಳು!"

ಕೆಂಪವ್ವ ತನ್ನ ಸೆರಗನ್ನು ಒದ್ದೆ ಮಾಡಿ ಶಿವಗಂಗವ್ವನ ಹುಬ್ಬಿನ ರಕ್ತ ಒರೆಸುತ್ತಿದ್ದಳು. ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು. ಈಗಷ್ಟೇ ಊದುಗೊಳವೆ ಎತ್ತಿ ಹೊಡೆದದ್ದೂ ಇದೇ ಕೈ! ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಶಿವಗಂಗವ್ವ ಕೂತಲ್ಲೇ ತೂಕಡಿಸಿದ್ದಳು... ಅಷ್ಟಕ್ಕೇ! ಮೂಲೆಯಲ್ಲಿ ಕೆಂಪವ್ವನ ತಾಯಿ ಸಾವಿತ್ರೆವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಎಂಬತ್ತನಾಲ್ಕನೇ ಇಸವಿಯಲ್ಲಿ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಕೂಲಿ ಮಾಡುವಾಗ ಶಿವಗಂಗವ್ವನಿಗೆ ಮೊದಲ ಸಲ ಮೂರ್ಛೆ ಬಂದಾಗ, ಜೊತೆಗಿದ್ದ ಹೆಂಗಸರೆಲ್ಲ ದೂರ ಸರಿದು, ಉಳ್ಳಾಗಡ್ಡಿ ಮೂಸಿಸ್ರಿ, ಕಬ್ಬಿಣ ಹಿಡಿಸ್ರಿ ಎಂದು ಚೀರಿದ್ದರು. ಕೆಂಪವ್ವ ಒಬ್ಬಳೇ ಓಡಿ ಬಂದು ಆ ಒದ್ದಾಡುವ ದೇಹವನ್ನು ತಬ್ಬಿ ಹಿಡಿದಿದ್ದಳು. ಶಿವಗಂಗವ್ವನ ಅಣ್ಣ, ಐನಾಪುರದ ಲಗಮಣ್ಣ, "ಬ್ಯಾನಿ ಹೆಣ್ಣ ನಮ್ಮ ಮನ್ಯಾಗ ಬ್ಯಾಡ" ಎಂದು ಬಾಗಿಲು ಹಾಕಿಕೊಂಡಾಗ, ಕೈ ಹಿಡಿದು ಮನೆಗೆ ಕರೆತಂದವಳೂ ಅವಳೇ. ಒಂದೇ ಕೌದಿಯೊಳಗೆ ಮಲಗುವ ಇಬ್ಬರನ್ನೂ ಓಣಿಯವರು ಗೆಳತಿಯರೆಂದರು. ಸಾವಿತ್ರೆವ್ವ ಎಲ್ಲ ತಿಳಿದೂ, ಹಬ್ಬ ಬಂದಾಗಲೆಲ್ಲ ಶಿವಗಂಗವ್ವನಿಗೆ ಹಸಿರು ಬಳೆ ಇಡಿಸಿದಳು.

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಕ್ಷಸನಿಗೆ ಕೋರೆಹಲ್ಲಿರುತ್ತದೆ. ಗುರುತು ಹಿಡಿದು ಓಡಬಹುದು. ತಲೆ ಬಾಚಿ, ಗುಳಿಗೆ ನುಂಗಿಸಿ, ಮುತ್ತಿಟ್ಟು ಮಲಗಿಸುವ ಕೈಯೇ ಹೊಡೆದರೆ ಯಾವ ಕಾಡಿಗೆ ಓಡುವುದು? ಹೊಡೆದಾಗಲೆಲ್ಲ ಡಾಕ್ಟರ ಮುಂದೆ ಅದೇ ಮಾತು... ಮೂರ್ಛೆ ಬಂತು, ಬಿದ್ದಳು. ಡಾಕ್ಟರು ನಂಬಿ ಗುಳಿಗೆ ಹೆಚ್ಚಿಸುತ್ತಿದ್ದರು. ಗುಳಿಗೆ ಹೆಚ್ಚಿದಷ್ಟೂ ಮಂಪರು, ತೊದಲು. ಆ ಮಂಪರು ಕಂಡರೇ ಕೆಂಪವ್ವನಿಗೆ ಸಿಟ್ಟು. ಸಿಟ್ಟಿಗೆ ಮತ್ತೊಂದು ಪೆಟ್ಟು, ಪೆಟ್ಟಿಗೆ ಮತ್ತೊಂದು ಗುಳಿಗೆ! ನಿಜವಾದ ಮೂರ್ಛೆ ಬಂದು ವರ್ಷವೇ ಕಳೆದಿತ್ತು.

ಆ ದಿನ ಮೂವರೂ ದವಾಖಾನೆಗೆ ಹೋದರು. ಡಾಕ್ಟರು ಹುಬ್ಬಿಗೆ ಹೊಲಿಗೆ ಹಾಕಿ ನಿಟ್ಟುಸಿರಿಟ್ಟರು.

"ಮತ್ತ ಬಿದ್ದೇನವ್ವ? ಇನ್ನೊಂದು ಗುಳಗಿ ಹೆಚ್ಚ ಮಾಡ್ತೀನಿ."

ಶಿವಗಂಗವ್ವ ಡಾಕ್ಟರ ಚೀಟಿಯ ಮೇಲೆ ಕೈಯಿಟ್ಟಳು. ಇನ್ನೂ ಒಂದು... ಆಮೇಲೆ ತಾನು ಏಳುವುದೇ ಇಲ್ಲವೇನೋ!

"ಮೂರ್ಛೆ ಬಂದಿಲ್ರಿ."

"ಮತ್ತ ಇದು?"

"ಬಡದಾರ್ರಿ..."

"ಯಾರು, ಗಂಡಾ?" ಡಾಕ್ಟರು ಬಾಗಿಲಾಚೆ ಯಾವ ಗಂಡಸನ್ನೋ ಹುಡುಕಿದರು.

"ಇಕೀರಿ," ಎಂದು ಶಿವಗಂಗವ್ವ ಪಕ್ಕಕ್ಕೆ ನೋಡಿದಳು.

ಕೆಂಪವ್ವ ನಕ್ಕುಬಿಟ್ಟಳು. "ಅಯ್ಯ, ಗುಳಗಿ ನಶಾದಾಗ ಏನೇನರ ಅಂತಾಳ್ರಿ ಸಾಹೇಬ್ರ! ನಾವು ಅಕ್ಕ-ತಂಗಿ ಇದ್ದಂಗ. ಜೀವಾ ತೇಯ್ದು ಜ್ವಾಪಾನ ಮಾಡಾಕತ್ತೀನಿ..."

"ಅಕ್ಕ-ತಂಗಿ ಅಲ್ರಿ." ಬೆಂಚಿನಿಂದ ಸಾವಿತ್ರೆವ್ವ ಎದ್ದಳು. "ಇಕಿ ನನ್ನ ಮಗಳು. ಅಕಿ ನನ್ನ ಮಗಳ ಮನಿಯಾಕಿ... ನನ್ನ ಸೊಸಿ. ಮೂರ್ಛೆ ಅನ್ನೂದು ಸುಳ್ಳ್ರಿ, ಇಕೀನಽ ಬಡದಾಳ. ನಾ ಗ್ವಾಡಿ ನೋಡ್ಕೋತ ಕುಂತಿದ್ದೆ!"

ಡಾಕ್ಟರು ಪೆನ್ನು ಕೆಳಗಿಟ್ಟರು. ಹಳೆಯ ಚೀಟಿಗಳನ್ನು ತಿರುವಿ ಹಾಕಿ, "ಇಷ್ಟು ಗುಳಗಿ ಬೇಕಽ ಇರಲಿಲ್ಲಲ್ಲ ತಾಯಿ..." ಎಂದರು. "ಒಮ್ಮೆಲೆ ಬಿಡಬ್ಯಾಡ. ಸಾವಕಾಶ ಕಡಿಮಿ ಮಾಡೂಣ."

ಮನೆಗೆ ಬಂದದ್ದೇ ಕೆಂಪವ್ವ ಹಾರಾಡಿದಳು. "ಮನಿ ಮಾನಾ ಬೀದೀಗೆ ಚೆಲ್ಲಿದ್ಯಲ್ಲಬೇ ಯವ್ವಾ! ಅಕೀನ್ನ ಮೊದಲ ಹೊರಗ ಕಳಸು!"

"ಎಲ್ಲಿಗೆ ಕಳಸ್ಲಿ? ನಿಮ್ಮಪ್ಪ ಬಡದಾಗ ನಾ ಸದಲಗಾಕ್ಕ ನಮ್ಮಣ್ಣನ ಮನಿಗೆ ಓಡ್ತಿದ್ದೆ. ಬಡಿಸ್ಕೊಂಡಾಕಿ ಗಂಟು ಕಟ್ಟಬೇಕು, ಬಡದಾಂವ ಮನ್ಯಾಗ ಆರಾಮ ಉಣಬೇಕು! ಇಕಿಗೆ ತವರಿಲ್ಲ. ನಿನಗ ಸೋದರಮಾವ ಅದಾನ. ನೀ ಹೋಗು."

"ನಾ ನಿನ್ನ ಹೊಟ್ಟೀಲೆ ಹುಟ್ಟಿದಾಕಿ!"

"ಅದಕ್ಕಽ ನಿನಗ ಹೇಳಾಕತ್ತೀನಿ..." ಸಾವಿತ್ರೆವ್ವ ಮಗಳ ಸೀರೆಗಳನ್ನು ಗಂಟು ಕಟ್ಟತೊಡಗಿದಳು.

ಕೆಂಪವ್ವ ಶಿವಗಂಗವ್ವನ ಎರಡೂ ಕೈ ಹಿಡಿದುಕೊಂಡಳು. "ಗಂಗಾ, ಇರು ಅಂತ ಒಂದ ಮಾತ ಅನ್ನು! ಮೂರ್ಛೆ ಬಂದ್ರ ನಿನ್ನ ಯಾರು ಹಿಡೀತಾರ?"

ಎಷ್ಟು ಬಿಸಿಯಾದ ಕೈಗಳು! ಅವುಗಳನ್ನು ಬಿಡಿಸಿಕೊಳ್ಳುವಾಗ ಶಿವಗಂಗವ್ವನಿಗೆ ತನ್ನ ಚರ್ಮವೇ ಸುಲಿದಂತಾಯಿತು.

"ಬಿದ್ರ ಬೀಳ್ತೀನಿ ಕೆಂಪಿ... ನೀ ಹೋಗು."

ಕೆಂಪವ್ವನನ್ನು ಹತ್ತಿಸಿಕೊಂಡು ಸದಲಗಾದ ಬಸ್ಸು ಹೋಯಿತು. ಗುಳಿಗೆ ಕಡಿಮೆಯಾಗುತ್ತ ಬಂದು ಮಂಪರು ಹರಿಯಿತು. ಆದರೆ ಮನಸ್ಸಿಗೆ ನಿಲುಗಡೆಯಿಲ್ಲ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ಶಿವಗಂಗವ್ವ ಬೆಚ್ಚುವಳು. ಸಪ್ಪಳ ದಾಟಿಹೋದರೆ ಅಳುವಳು. ಹೀಗಿರುವಾಗ ಒಂದು ಮುಂಜಾನೆ ನಿಜವಾದ ಮೂರ್ಛೆಯೇ ಬಂತು... ಎಚ್ಚರವಾದಾಗ ಸಾವಿತ್ರೆವ್ವ ಅವಳನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಸವರುತ್ತ ಕೂತಿದ್ದಳು.

"ಅತ್ತಿ... ನಾ ಕೆಂಪೀನ್ನ ಕರದ್ನೇನು?"

"ಕರದಿ, ನನ್ನವ್ವಾ."

"ಬಂದ್ಲೇನು?"

"ಇಲ್ಲ. ಕರದ್ರ ಕೇಳೂವಷ್ಟು ಸಮೀಪ ಇಲ್ಲ ಅಕಿ."

ಅತ್ತೆ, ಸೊಸೆ ಇಬ್ಬರೂ ಒಬ್ಬಳಿಗಾಗಿಯೇ ಬಿಕ್ಕಿ ಬಿಕ್ಕಿ ಅತ್ತರು. ಆದರೆ ಸದಲಗಾಕ್ಕೆ ಯಾರೂ ಹೇಳಿ ಕಳಿಸಲಿಲ್ಲ.