ಚಹಾ ನಿಲ್ಲಿಸಿದ ವಾರ

"ಇನ್ವರ್ಕಾರ್ಗಿಲ್‌ನಲ್ಲಿ ನನ್ನ ಜಾಹೀರಾತು ಯಾಕೆ ಆಫ್ ಮಾಡಿಸ್ದೆ?" ಸೆಮಿಸಿ ಐಲ್ಸಾಳ ಮೇಜಿಗೆ ಒರಗಿ ಜಗಳಕ್ಕೇ ನಿಂತಿದ್ದ.

ಡನೀಡಿನ್ ಊರಿನ ಬೂಟು ಕಂಪನಿಯೊಂದಕ್ಕೆ ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕುವವನು ಅವನು. ಹುಡುಕಿದವರ ಕಣ್ಣಿಗೆ ಮೊದಲು ಬೀಳುವ ಸಾಲು, ಸುದ್ದಿ ಓದುವಾಗ ಪಕ್ಕದಲ್ಲಿ ಇಣುಕುವ ಬೂಟಿನ ಚಿತ್ರ, ಎಲ್ಲ ಅವನದೇ. ಅವು ನಿಜಕ್ಕೂ ಗಿರಾಕಿಯನ್ನು ತಂದವೇ ಎಂದು ಅಳೆಯುವುದು ಐಲ್ಸಾಳ ಕೆಲಸ. ಒಂದು ಊರಿನಲ್ಲಿ ಜಾಹೀರಾತು ನಿಲ್ಲಿಸಿ, ಮಾರಾಟ ಬೀಳುತ್ತದೋ ಇಲ್ಲವೋ ನೋಡುವುದು ಅವಳ ಕ್ರಮ.

"ನಮ್ಮ ಹೆಸರು ಹುಡುಕೋರು ಹೇಗೂ ಬರ್ತಾರೆ. ನನ್ನ ಕೋಳಿ ಕೂಗಿದ್ರೇನೇ ಬೆಳಗಾಗೋದು ಅನ್ನೋ ಅಜ್ಜಿ ನೀನು," ಎಂದಳು ಐಲ್ಸಾ.

ಅವನು ಹುಬ್ಬು ಗಂಟಿಕ್ಕಿದ, ಆಮೇಲೆ ತುಟಿಯಂಚಿನಲ್ಲೇ ನಕ್ಕ. ಮರುದಿನದಿಂದ ಬೆಳಿಗ್ಗೆ ಅವನು ತಂದಿಟ್ಟ ಬಿಸಿ ಚೀಸ್ ರೋಲ್ ಅವಳ ಮೇಜಿನ ಮೇಲಿರತೊಡಗಿತು. ಹತ್ತು ಗಂಟೆಗೆ ಅವನಿಗೆ ಚಹಾ ಒಯ್ಯುವುದು ಅವಳಿಗೆ ರೂಢಿಯಾಯಿತು. ಕಪ್ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಕಿಟಕಿಯ ಕಡೆ ನೋಡುತ್ತಿದ್ದರು.

ಅಷ್ಟರಲ್ಲಿ ಸೆಮಿಸಿಗೆ ಆಕ್ಲೆಂಡಿನಿಂದ ದೊಡ್ಡ ಕೆಲಸಕ್ಕೆ ಕರೆ ಬಂತು. ಶುಕ್ರವಾರ ಉತ್ತರ ಕೊಡಬೇಕಿತ್ತು. ಐಲ್ಸಾ ದಿನವಿಡೀ ಅದನ್ನೇ ಲೆಕ್ಕ ಹಾಕಿದಳು. ಅವನಿಗೆ ಬೇಕಾದದ್ದು ತಾನೋ, ಬರೀ ಚಹಾವೋ? ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು: ಸೋಮವಾರದಿಂದ ಚಹಾ ಬಂದ್.

ಸೋಮವಾರ ರೋಲೂ ಬರಲಿಲ್ಲ. ಆಮೇಲೂ ಇಲ್ಲ. ಚಹಾ ನಿಂತಿತು, ರೋಲೂ ನಿಂತಿತು, ಅವನಿಗೆ ಬೇಕಿದ್ದದ್ದು ಚಹಾ ಅಷ್ಟೇ ಎಂದುಕೊಂಡು ಅವಳು ಒಳಗೇ ಅತ್ತಳು.

ಶುಕ್ರವಾರ ಬೆಳಿಗ್ಗೆ ಖಾಲಿ ಮೇಜು ನೋಡುವಾಗ ಥಟ್ಟನೆ ಹೊಳೆಯಿತು. ರೋಲ್ ಬರುತ್ತಿದ್ದುದು ಚಹಾಕ್ಕಿಂತ ಮೊದಲು. ಸೋಮವಾರ ಚಹಾ ಬರುವುದಿಲ್ಲವೆಂದು ಅವನಿಗೆ ಬೆಳಿಗ್ಗೆಯೇ ಹೇಗೆ ಗೊತ್ತು? ಆದದ್ದಾಗಲಿ ಎಂದು ಎದ್ದು ನೇರ ಅವನ ಮುಂದೆ ಹೋಗಿ ನಿಂತಳು.

"ಸೋಮವಾರ ರೋಲ್ ಯಾಕೆ ತರ್ಲಿಲ್ಲ?"

ಅವನು ತಲೆ ತಗ್ಗಿಸಿದ. "ರೋಲ್ ಇಲ್ದೇನೂ ಬರ್ತೀಯಾ ನೋಡೋಣ ಅಂತ. ನಿನ್ನಿಂದಾನೇ ಕಲ್ತಿದ್ದು. ನೀನು ಬರ್ಲಿಲ್ಲ."

"ಅಯ್ಯೋ ಮಾರಾಯ, ಅವತ್ತೇ ನಾನೂ ಚಹಾ ನಿಲ್ಲಿಸ್ದೆ. ಎರಡನ್ನೂ ಒಟ್ಟಿಗೇ ಆಫ್ ಮಾಡಿದ್ರೆ ಏನಂತ ಅಳೆಯೋದು?"

ಸೆಮಿಸಿಯ ಕಣ್ಣು ಅರಳಿತು. "ಹಾಗಾದ್ರೆ ಇನ್ನೊಂದು ವಾರ ಅಳೆಯೋಣ್ವಾ?"

"ಬೇಡ. ಇವತ್ತು ರೋಲ್ ಇಲ್ಲ, ಆದ್ರೂ ಬಂದಿದೀನಿ. ಜಾಹೀರಾತಿಲ್ದೇ ಬರೋ ಗಿರಾಕಿ ನಾನು. ನೀನಂದ್ರೆ ನಂಗೆ ಪ್ರಾಣ. ಹೋಗ್ಬೇಡ."

ಅವನು ಅವಳ ಕೈ ಹಿಡಿದುಕೊಂಡ. ಬರುವುದಿಲ್ಲವೆಂದು ಆಕ್ಲೆಂಡಿಗೆ ಫೋನಿನಲ್ಲಿ ಹೇಳುವಾಗಲೂ ಬಿಡಲಿಲ್ಲ.

"ಇನ್ಮೇಲೆ ರೋಲ್ ತರೋದು ದಂಡ ಅಲ್ವಾ?" ಎಂದ.

"ತಾ. ಗಿರಾಕಿ ಹೇಗೂ ಬರ್ತಾಳೆ, ಆದ್ರೆ ಹಸ್ಕೊಂಡು ಬರ್ತಾಳೆ."